ಅಕ್ಕುತಾಯಿಯ ಟಿಕಳಿ ಮತ್ತು ನಿಪ್ಪಾಣಿಯ ಲೇಸರ್

ನವೆಂಬರ್ ಹನ್ನೊಂದು, ಮಂಗಳವಾರ. ಮಧ್ಯಾಹ್ನ ಹನ್ನೆರಡು ಗಂಟೆ ಐವತ್ತೆರಡು ನಿಮಿಷಕ್ಕೆ ಅಕ್ಕುತಾಯಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು, ಬಗ್ಗಿ, ಸೌಟಿನಿಂದ ತಳ ಕೆದಕುತ್ತಿದ್ದಳು. ಉಗಿ ಮುಖಕ್ಕೆ ಹೊಡೆಯಿತು. ಹಣೆಗೆ ಅಂಟಿಸಿದ ಬಿಂದಿಯ, ಅವಳ ಮಾತಿನಲ್ಲಿ ಟಿಕಳಿಯ, ಗೋಂದು ಬೆವರಿಗೆ ಸಡಿಲಾಗಿತ್ತು. ಟಿಕಳಿ ಜಾರಿ, ಮೂಗಿನ ತುದಿಯಲ್ಲಿ ಒಂದು ಕ್ಷಣ ನಿಂತು, ಪಾತ್ರೆಯ ಹೊರಗೆ ಕಟ್ಟೆಯ ಮೇಲೆ ಬಿತ್ತು. ಸಾರಿನಲ್ಲಿ ಬೀಳಲಿಲ್ಲ. ಈ ಮಾತನ್ನು ಅವಳು ಮುಂದೆ ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದಳು. ಆದರೆ ಟಿಕಳಿ ಎಲ್ಲಿ ಬಿತ್ತೆಂದು ಯಾರೂ ನೋಡಿರಲಿಲ್ಲ. ಅದು ಬಿಟ್ಟುಹೋದ ಜಾಗವನ್ನು ಎಲ್ಲರೂ ನೋಡಿದ್ದರು.

ಹುಬ್ಬುಗಳ ನಡುವೆ ಎಂಟಾಣೆಯಷ್ಟು ಅಗಲದ ಒಂದು ಬಿಳಿ ವೃತ್ತ. ಸುಣ್ಣ ಹಚ್ಚಿದಷ್ಟು ಬಿಳಿ.

ಇದು ಅಂಕಲಿಯಿಂದ ಮೂರು ಕಿಲೋಮೀಟರ್ ದೂರದ ಕೆಂಪುಮಡ್ಡಿ ತೋಟದ ಸರಕಾರಿ ಶಾಲೆ. ಸುತ್ತ ಕಬ್ಬು, ಕಬ್ಬಿನ ನಡುವೆ ತೋಟದ ಮನೆಗಳು, ಆ ಮನೆಗಳ ಮಕ್ಕಳಿಗೆ ಏಳನೆಯವರೆಗೆ ಕಲಿಯಲು ಐದು ಕೋಣೆ. ಆ ವರ್ಷ ಹಾಜರಿಯಲ್ಲಿದ್ದ ಮಕ್ಕಳು ನೂರಾ ಹನ್ನೆರಡು. ಅಕ್ಕುತಾಯಿ ಅಲ್ಲಿನ ಬಿಸಿಯೂಟದ ಮುಖ್ಯ ಅಡುಗೆಯವಳು, ನಲವತ್ಮೂರು ವರ್ಷ. ದಿನಕ್ಕೊಬ್ಬ ಪಾಲಕರು ಬಂದು ಅಡುಗೆಯ ರುಚಿ ನೋಡಿ ವಹಿಯಲ್ಲಿ ಸಹಿ ಹಾಕುವ ಪದ್ಧತಿ ಇತ್ತು. ಆ ಮಂಗಳವಾರ ಕಸ್ತೂರೆವ್ವನ ಪಾಳಿ. ಶಾಲಾ ಸಮಿತಿಯ ಅಧ್ಯಕ್ಷ ಮುರಗೆಪ್ಪನ ತಾಯಿ ಆಕೆ; ಕಬ್ಬೂ ದ್ರಾಕ್ಷಿಯೂ ಇರುವ ದೊಡ್ಡ ಮನೆ. ಮೂರು ವರ್ಷದಿಂದ ತನ್ನ ಪಾಳಿಗೆ ತಪ್ಪದೆ ಬರುತ್ತಿದ್ದಳು, ತಪ್ಪದೆ ಸಹಿ ಹಾಕುತ್ತಿದ್ದಳು. ರುಚಿಯನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

“ಏನ ಬೇ ಇದು?” ಎಂದಳು ಕಸ್ತೂರೆವ್ವ, ಅಡುಗೆ ಕೋಣೆಯ ಹೊಸ್ತಿಲಲ್ಲಿ ನಿಂತು. “ತೊನ್ನ ಐತೇನ ನಿನಗ?”

“ಅಲ್ರಿ ಅವ್ವಾರ. ಸುಮ್ನ ಒಂದ ಕಲಿ.”

“ಸುಮ್ನ ಕಲಿ ಆಗಿದ್ರ ಮುಚ್ಚಿಕೊಂಡ ಯಾಕ ತಿರಗತಿದ್ದಿ?”

ಅಕ್ಕುತಾಯಿ ಸೆರಗೆಳೆದು ಹಣೆ ಮುಚ್ಚಿದಳು. ಅವಳು ಮುಚ್ಚಿಕೊಂಡಿದ್ದು ನಿಜ. ಎರಡು ವರ್ಷದ ಹಿಂದೆ ಕಲೆ ಮೆಣಸಿನ ಕಾಳಿನಷ್ಟಿತ್ತು. ಅವಳು ಅದಕ್ಕಿಂತ ದೊಡ್ಡ ಟಿಕಳಿ ಕೊಂಡಳು. ಕಲೆ ಕಡಲೆಬೇಳೆಯಷ್ಟಾಯಿತು; ಇನ್ನೂ ದೊಡ್ಡದನ್ನು ಕೊಂಡಳು. ಕೆನ್ನೆಗಳ ಮೇಲೆ ಕಂದು ಬಂಗು, ಊರ ಮಾತಿನಲ್ಲಿ ವಾಂಗ, ಮೊದಲೇ ಇತ್ತು, ಒಲೆಯ ಮುಂದೆ ನಿಲ್ಲುವ ಹೆಂಗಸರಿಗೆ ಬರುವಂಥದ್ದು. ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಬಿಳಿಯ ಮಾತು ಬೇರೆ. ರಾತ್ರಿ ಟಿಕಳಿ ತೆಗೆದು ಕನ್ನಡಿಗೆ ಅಂಟಿಸುತ್ತಿದ್ದಳು, ಬೆಳಿಗ್ಗೆ ಗಂಡ ಏಳುವ ಮೊದಲು ಮತ್ತೆ ಹಚ್ಚಿಕೊಳ್ಳುತ್ತಿದ್ದಳು.

ಊಟ ಮುಗಿದ ಮೇಲೆ ಹೆಡ್ ಮಾಸ್ತರ ಸಿದ್ದಲಿಂಗ ದಿನದಂತೆ ವಹಿ ತೆರೆದು ಕೇಳಿದರು, “ಎಷ್ಟ ಅಕ್ಕುತಾಯಿ?”

ತೊಳೆದ ತಾಟು ಎಣಿಸಿ ಸಂಖ್ಯೆ ಹೇಳುವುದು ಅವಳ ಕೆಲಸ. “ಎಪ್ಪತ್ನಾಕ್ರಿ ಸರ್.”

ಬುಧವಾರ ನಲವತ್ತೊಂದು. ಗುರುವಾರ ಇಪ್ಪತ್ತೊಂಬತ್ತು.

ಈ ಇಳಿಯುವ ಲೆಕ್ಕ ಅವಳಿಗೆ ಹೊಸದಲ್ಲ. ಹಿಂದೆ ಇದೇ ಲೆಕ್ಕವನ್ನು ಅವಳು ಕೆಳಗಿನಿಂದ ಮೇಲಕ್ಕೆ ಏರಿದ್ದಳು. ಹದಿನಾಲ್ಕು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿದ ದಿನ, ತೊಂಬತ್ತೇಳು ಮಕ್ಕಳಲ್ಲಿ ಉಂಡವರು ಹತ್ತೊಂಬತ್ತು. ಉಳಿದವರ ಕೈಯಲ್ಲಿ ಮನೆಯಿಂದ ಬಂದ ಡಬ್ಬಿಗಳಿದ್ದವು. ಯಾಕೆಂದು ಯಾರೂ ಹೇಳಲಿಲ್ಲ. ಅಂಕಲಿಯ ಭೀಮನಗರದಿಂದ ನಡೆದು ಬಂದವಳಿಗೆ ಯಾಕೆಂದು ಹೇಳಬೇಕಾಗಿಯೂ ಇರಲಿಲ್ಲ. ಅವಳು ವಾದಿಸಲಿಲ್ಲ. ಅಕ್ಕಿಯನ್ನು ಮೂರು ಸಲ ತೊಳೆದಳು, ಬೇಳೆಯನ್ನು ಎರಡು ಸಲ ಆರಿಸಿದಳು, ಒಗ್ಗರಣೆಗೆ ಬೆಳ್ಳುಳ್ಳಿ ಹೆಚ್ಚು ಹಾಕಿದಳು. ಒಂದೊಂದೇ ಡಬ್ಬಿ ಬರುವುದು ನಿಂತಿತು. ಹನ್ನೊಂದನೆಯ ವರ್ಷ ಕೊನೆಯ ಡಬ್ಬಿಯೂ ನಿಂತಿತು. ಈಗ ಮೂರೇ ದಿನದಲ್ಲಿ ಅವೆಲ್ಲ ಮರಳಿ ಬಂದಿದ್ದವು, ಕೆಲವು ಅದೇ ಹಳೆಯ ಮನೆಗಳಿಂದ. ಕಲೆ ಹೊಸದು, ಆಡುವ ಬಾಯಿಗಳು ಹಳೆಯವು ಎಂದು ಅವಳಿಗೆ ತಿಳಿಯಿತು. ಹಳೆಯದಕ್ಕೆ ಔಷಧವಿಲ್ಲ. ಕಲೆಗಾದರೂ ಇದ್ದೀತು.

ಶುಕ್ರವಾರ ಸಿದ್ದಲಿಂಗ ಮಾಸ್ತರು ಅವಳನ್ನು ಕರೆದು, ಕಿಟಕಿಯ ಕಡೆ ನೋಡುತ್ತ ಮಾತಾಡಿದರು. “ಇಪ್ಪತ್ತೊಂಬತ್ತನೇ ತಾರೀಖ ಸಮಿತಿ ಸಭಾ ಐತಿ. ಡಾಕ್ಟರ ಸರ್ಟಿಫಿಕೇಟ ತಗೊಂಡ ಬಾ. ಇಲ್ಲಾಂದ್ರ ಬೇರೆಯವರನ್ನ ಹಚ್ಚಾಕ ಹೇಳ್ಯಾರ. ನನ್ನ ಕೈಯಾಗ ಏನೂ ಇಲ್ಲ, ತಾಯಿ.”

“ಸಾರನ್ಯಾಗ ಬಿದ್ದಿಲ್ರಿ ಸರ್.”

“ಗೊತ್ತೈತಿ.”

ಮಗಳು ಭಾಗ್ಯಾ ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದಳು. ಅವಳ ಫೋನಿನಲ್ಲಿ ನಿಪ್ಪಾಣಿಯ ಒಂದು ಚರ್ಮದ ಕ್ಲಿನಿಕ್ಕಿನ ಜಾಹೀರಾತು ಬಂತು: ‘ಮೃದು ಲೇಸರ್. ನೋವಿಲ್ಲ, ಗಾಯವಿಲ್ಲ. ಊಟದ ಬಿಡುವಿನಲ್ಲಿ ಬನ್ನಿ, ಹೊಸ ಮುಖದೊಂದಿಗೆ ಹೋಗಿ.’ ಅಕ್ಕುತಾಯಿ ಅದನ್ನು ಎರಡು ಸಲ ಓದಿಸಿ ಕೇಳಿದಳು. ಹದಿನಾಲ್ಕು ವರ್ಷದಲ್ಲಿ ಅವಳಿಗೆ ಊಟದ ಬಿಡುವೆಂಬುದು ಒಂದು ದಿನವೂ ಸಿಕ್ಕಿರಲಿಲ್ಲ.

ಭಾನುವಾರ, ನವೆಂಬರ್ ಹದಿನಾರು. ತಾಯಿ ಮಗಳು ಎರಡು ಬಸ್ಸು ಬದಲಿಸಿ ನಿಪ್ಪಾಣಿ ಮುಟ್ಟಿದಾಗ ಹತ್ತೂವರೆ. ಡಾಕ್ಟರ್ ಸೀಮಾ ಮೂವತ್ತೈದರ ಆಸುಪಾಸಿನವರು, ಮಾತಿನಲ್ಲಿ ಮರಾಠಿಯ ಎಳೆ. ಮೊದಲು ಮುಖ ತೊಳೆಸಿದರು, ಫೋಟೋ ತೆಗೆದರು. ಆಮೇಲೆ ಕೋಣೆ ಕತ್ತಲು ಮಾಡಿ ನೇರಳೆ ಬೆಳಕಿನ ಒಂದು ಕೈದೀಪ ಹಿಡಿದು ಹಣೆ ನೋಡಿದರು. ಆ ಬೆಳಕಿನಲ್ಲಿ ಬಿಳಿ ವೃತ್ತ ಇನ್ನಷ್ಟು ಬಿಳಿಯಾಗಿ ಹೊಳೆಯಿತು. ಭಾಗ್ಯಾ ಮುಖ ತಿರುಗಿಸಿದಳು.

“ಮಾವಶಿ, ಏನ ಆಗಬೇಕು ನಿಮಗ?” ಎಂದು ಚಿಕ್ಕಮ್ಮನನ್ನು ಕರೆದ ಹಾಗೆ ಕೇಳಿದರು.

ಅಕ್ಕುತಾಯಿ ಬಸ್ಸಿನಲ್ಲಿ ಈ ಮಾತನ್ನು ಕಟ್ಟಿಕೊಂಡೇ ಬಂದಿದ್ದಳು. “ಬಿಳಿದು ಕರಿ ಆಗಲಿಲ್ಲಂದ್ರ ಉಳದ ಮುಖಾನ ಬಿಳಿ ಮಾಡಿಬಿಡ್ರಿ, ಡಾಕ್ಟರಬಾಯಿ. ಎಲ್ಲಾ ಒಂದ ಬಣ್ಣ ಆದ್ರ ಯಾರಿಗೂ ಕಾಣೂದಿಲ್ಲ.”

ಡಾಕ್ಟರು ನಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕುಳಿತರು.

“ಕೇಳ್ರಿ. ಈ ಲೇಸರ ಅಂದ್ರ ಬೆಳಕು, ಅಷ್ಟ. ಚರ್ಮದೊಳಗಿನ ಕಂದು ಬಣ್ಣಾನ ಅದು ಸಣ್ಣ ಸಣ್ಣ ಪುಡಿ ಮಾಡ್ತದ. ಆ ಪುಡೀನ ನಿಮ್ಮ ಮೈನ ಹೊರಗ ಹಾಕ್ತದ, ವಾರಗಟ್ಟಲೆ. ಬಣ್ಣ ತಗಿಯೋ ಬೆಳಕಿದು, ಬಣ್ಣ ಕೊಡೂದಲ್ಲ. ಹಣಿ ಮ್ಯಾಲ ಹಿಡದ್ರ ಬಿಳಿ ಹೆಚ್ಚಾಗ್ತದ. ಮುಖ ಪೂರ್ತಿ ಬಿಳಿ ಮಾಡೂದು ಯಾರ ಕೈಲೂ ಆಗೂದಿಲ್ಲ. ಆಗ್ತದ ಅಂದವರ ಕಡೆ ಹೋಗಬ್ಯಾಡ್ರಿ.”

“ವಾಂಗರೆ ಹೋಗ್ತೇತೇನ್ರಿ?”

“ಕಡಿಮಿ ಆಗಬಹುದು. ಒಂದ ಸಲಕ್ಕಲ್ಲ. ತಿಂಗಳಿಗೊಮ್ಮೆ, ನಾಕರಿಂದ ಆರ ಸಲ. ಹಿಡದಾಗ ಒಗ್ಗರಣಿ ಎಣ್ಣಿ ಚಟಕ್ಕಂತ ಸಿಡದಂಗ ಆಗ್ತದ. ನಿಮಗದು ದಿನದ್ದು. ಒಂದೆರಡ ದಿನ ಕೆಂಪ ಇರ್ತದ, ಸ್ವಲ್ಪ ಉರಿ. ಬಿಸಲಿಗೆ ಹೋಗಬಾರದು, ಹೋದ್ರ ಮುಲಾಮು, ಮ್ಯಾಲ ಸೆರಗು. ಇಷ್ಟೆಲ್ಲಾ ಮಾಡಿದ್ರೂ ನೂರಕ್ಕ ಮೂವತ್ತು ನಲವತ್ತು ತಿಳಿ ಆಗಬಹುದು. ಕಾಳಜಿ ಬಿಟ್ರ ವಾಂಗ ತಿರುಗಿ ಬರ್ತದ. ಇನ್ನ ನಮ್ಮ ಬಣ್ಣದ ಚರ್ಮಕ್ಕ ಬೆಳಕು ಜಾಸ್ತಿ ಆದ್ರ ಇದ್ದದ್ದಕ್ಕಿಂತ ಕಪ್ಪಾಗ್ತದ. ಅದಕ್ಕ ಮೊದಲು ಉಗುರಿನಷ್ಟ ಜಾಗದಾಗ ಹಿಡದು ನೋಡ್ತೀನಿ. ನಾಕ ವಾರ ಕಾದು, ಆಮ್ಯಾಲ ಮುಂದಿನ ಮಾತು.”

“ನಾಕ ವಾರ?” ಸಭೆಗೆ ಹದಿಮೂರು ದಿನವಿತ್ತು.

ಡಾಕ್ಟರು ಕಾರ್ಡು ತೆಗೆದು ಹಣೆಯ ವಿಚಾರ ಕೇಳಿದರು. ಟಿಕಳಿ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ತಾಸು, ಮೊದಲು ತುರಿಕೆ ಇತ್ತೇ, ಕಲೆ ಬೇರೆಲ್ಲಾದರೂ ಇದೆಯೇ. ಅಕ್ಕುತಾಯಿಯ ಪರ್ಸಿನಲ್ಲಿದ್ದ ಟಿಕಳಿ ಪಾಕೀಟು ತೆಗೆಸಿ, ಒಂದನ್ನು ಕಿತ್ತು, ಹಣೆಯ ಕಲೆಯ ಮೇಲೆ ಮುಟ್ಟದಂತೆ ಹಿಡಿದರು. ಎರಡರ ಅಂಚೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹೊಂದಿದವು.

“ತೊನ್ನ ಅಲ್ಲ ಇದು. ಈ ಗೋಂದಿನ್ಯಾಗ ಒಂದ ರಸಾಯನ ಇರ್ತದ, ಬಣ್ಣ ಮಾಡೋ ಜೀವಕೋಶಾನ ಅದು ಕೊಲ್ತದ. ಕಲಿ ದೊಡ್ಡದಾತಂತ ನೀವು ಟಿಕಳಿ ದೊಡ್ಡದು ಮಾಡಿದ್ರಿ. ಟಿಕಳಿ ದೊಡ್ಡದಾತಂತ ಕಲಿ ದೊಡ್ಡದಾತು.”

ಅಕ್ಕುತಾಯಿ ಲೆಕ್ಕ ಹಾಕಿದಳು. ಎರಡು ವರ್ಷ, ದಿನಕ್ಕೆ ಹದಿನಾರು ತಾಸು. ಮುಚ್ಚಿಡುತ್ತೇನೆಂದು ತನ್ನ ಕೈಯಾರೆ ಬೆಳೆಸಿದ್ದಳು.

“ಇವತ್ತಿಂದ ಹಣಿಗೆ ಏನೂ ಬ್ಯಾಡ. ಟಿಕಳಿ ಇಲ್ಲ, ಕುಂಕುಮಾನೂ ಸದ್ಯ ಇಲ್ಲ. ಬರೇ ಈ ಮುಲಾಮು.”

“ಬರೇ ಹಣೀಲೆ ಹ್ಯಾಂಗ ತಿರಗಲ್ರಿ? ಗಂಡ ಅದಾನ.”

“ಅದಕ್ಕ ನನ್ನ ಕಡೆ ಔಷಧ ಇಲ್ಲ, ಮಾವಶಿ.”

ಕಾರ್ಡಿನಲ್ಲಿ ಒಂದು ಗೆರೆ ಖಾಲಿ ಉಳಿದಿತ್ತು. ಡಾಕ್ಟರು ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆ ಅದು. “ನೂರಕ್ಕ ಎಷ್ಟ ಸುಧಾರಿಸಿದ್ರ ನಿಮಗ ಸಮಾಧಾನ?”

“ನೂರಾ ಹನ್ನೆರಡು,” ಎಂದಳು ಅಕ್ಕುತಾಯಿ.

ಪೆನ್ನು ನಿಂತಿತು. “ನೂರಕ್ಕ ಅಂದೆ, ಮಾವಶಿ.”

“ಕೇಳೇನ್ರಿ.”

ಡಾಕ್ಟರು ಭಾಗ್ಯಾಳ ಕಡೆ ನೋಡಿದರು. ಭಾಗ್ಯಾ ತಲೆ ತಗ್ಗಿಸಿದ್ದಳು. ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು.

ಆ ದಿನ ಎಡ ದವಡೆಯ ಮೇಲೆ, ಕಿವಿಯ ಹತ್ತಿರ, ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಲೇಸರ್ ಹಿಡಿದರು. ಕಣ್ಣಿಗೆ ಕಪ್ಪು ಕನ್ನಡಕ. ಚಟ್, ಚಟ್, ಚಟ್. ಎಣ್ಣೆ ಸಿಡಿದಂತೆಯೇ ಇತ್ತು. ಎಣ್ಣೆಗಿಂತ ಬೇಗ ಆರಿತು. ಏಳುವಾಗ ಡಾಕ್ಟರು ಕೊನೆಯ ಮಾತು ಕೇಳಿದರು, “ಏಳ ದಿನ ಒಲಿ ಮುಂದ ನಿಂದ್ರಬಾರದು. ಕಾವಿಗೆ ಕಪ್ಪಾಗ್ತದ. ಆಗ್ತದಲ್ಲ?”

“ಆಗ್ತೇತ್ರಿ,” ಎಂದಳು ಅಕ್ಕುತಾಯಿ.

ಅದು ಸುಳ್ಳು. ಏಳು ದಿನ ಒಲೆ ಬಿಟ್ಟರೆ ಎಂಟನೆಯ ದಿನ ಒಲೆ ಬೇರೆಯವರದಾಗುತ್ತಿತ್ತು.

ಬರಿ ಹಣೆಯ ವಿಷಯ ಮನೆಯಲ್ಲಿ ಹೇಳಲೇಬೇಕಾಯಿತು. ಗಂಡ ಜ್ಞಾನದೇವ ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸದವನು. ಕಬ್ಬು ನುರಿಸುವ ಕಾಲವಾದ್ದರಿಂದ ಪಾಳಿ ಮುಗಿಸಿ ಮೈಯೆಲ್ಲ ಮಸಿಯಾಗಿ ಬಂದಿದ್ದ. ಮುಲಾಮಿನ ಡಬ್ಬಿ ತಿರುಗಿಸಿ ನೋಡಿದ, ಹೆಂಡತಿಯ ಹಣೆ ನೋಡಿದ. ಎರಡು ವರ್ಷದಲ್ಲಿ ಮೊದಲ ಸಲ ನೋಡುತ್ತಿದ್ದ.

“ಇದನ್ನ ನನಗೂ ಮುಚ್ಚಿ ಇಟ್ಟಿದ್ದೆಲ್ಲ, ಭಾಗ್ಯಾನವ್ವ.”

ಅವಳು ಅತ್ತಳು. ಅವಳ ಅಳು ನಿಲ್ಲುವವರೆಗೆ ಅವನು ಕಾದ.

“ಟಿಕಳಿ ಬಿಟ್ರ ಏನಾಗ್ತೇತಿ? ನಾ ಸತ್ತೀನಂತ ತಿಳೀತಾರ, ಅಷ್ಟ ಹೌದಿಲ್ಲೋ? ದಿನಾ ಒಂದ ಸಲ ಶಾಲಿ ಗೇಟಿಗೆ ಬಂದ ನಿಂತ ಹೋಗ್ತೀನಿ ತಗೊ. ಅದೀನ್ರೆಪಾ ಇನ್ನೂ, ಅಂತ.”

ಆದರೂ ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟಾಗ ಅವಳ ಕೈ ಪಾಕೀಟಿನಿಂದ ಒಂದು ಟಿಕಳಿ ಕಿತ್ತು ಹಚ್ಚಿಕೊಂಡಿತು. ಮಂಗಳವಾರವೂ. ಬುಧವಾರವೂ. ಸೆರಗನ್ನು ಒದ್ದೆ ಮಾಡಿ ದವಡೆಗೆ ಸುತ್ತಿ, ಗ್ಯಾಸಿನ ಒಲೆಯಿಂದ ಎರಡು ಹೆಜ್ಜೆ ದೂರ ನಿಂತು, ಸಹಾಯಕಿ ಲಕ್ಕವ್ವನ ಕೈಯಲ್ಲಿ ಸೌಟು ಆಡಿಸಿದಳು. “ವೈನಿ, ನೀ ಅಲ್ಲಿಂದ ಹೇಳು, ನಾ ಇಲ್ಲಿಂದ ತಿರುವತೇನಿ. ರೇಡಿಯೋದಾಗ ಅಡಗಿ ಕಲಿಸಿದಂಗ ಆತ ನಮ್ದು,” ಎಂದು ಲಕ್ಕವ್ವ ನಗಿಸಲು ನೋಡಿದಳು. ಗುರುವಾರ ಲಕ್ಕವ್ವನಿಗೆ ಜ್ವರ ಬಂತು. ಅದೇ ದಿನ ಹನ್ನೊಂದು ಗಂಟೆಗೆ, ಅನ್ನ ಅರ್ಧ ಬೆಂದಾಗ ಸಿಲಿಂಡರು ಖಾಲಿಯಾಯಿತು.

ಹಿತ್ತಲಿನಲ್ಲಿ ಮೂರು ಕಲ್ಲಿನ ಹಳೆಯ ಒಲೆಯಿತ್ತು, ಪಕ್ಕದಲ್ಲಿ ಒಣಗಿದ ತೊಗರಿ ಕಟ್ಟಿಗೆ. ಆ ದಿನ ಉಣ್ಣುವ ಮಕ್ಕಳು ಮೂವತ್ತೋ ಮೂವತ್ತೊಂದೋ. ಊಟವಿಲ್ಲವೆಂದು ಹೇಳಿಬಿಟ್ಟರೆ ಯಾರೂ ಹೆಚ್ಚು ಕೇಳುತ್ತಿರಲಿಲ್ಲ. ಅವಳು ಐದು ನಿಮಿಷ ನಿಂತಳು. ಬೆಂಕಿ ಹಚ್ಚಿದಳು. ಐವತ್ತು ನಿಮಿಷ ಆ ಜ್ವಾಲೆಯ ಮುಂದೆ ಕುಳಿತು ಊದಿದಳು.

ಮರುದಿನ ದವಡೆಯ ಉಗುರಗಲದ ಜಾಗ ಉರಿಯಿತು. ಭಾನುವಾರದ ಹೊತ್ತಿಗೆ ಅಲ್ಲಿ ಸುಟ್ಟ ರೊಟ್ಟಿಯ ಬಣ್ಣ ಬಂದಿತ್ತು. ಮುಖದ ಮೇಲೆ ಈಗ ಕಂದು, ಬಿಳಿ, ಕಪ್ಪು ಮೂರೂ ಇದ್ದವು. ಅವಳು ಕನ್ನಡಿಯ ಮುಂದೆ ಕುಳಿತಳು. ಸಭೆಗೆ ಆರು ದಿನ. ಬೆಳಕು ತನ್ನನ್ನು ಕಾಯುವುದಿಲ್ಲವೆಂದು ಅವಳಿಗೆ ಪೂರ್ತಿ ಗೊತ್ತಾಯಿತು. ಕನ್ನಡಿಯ ಅಂಚಿನಲ್ಲಿ ಹಳೆಯ ಟಿಕಳಿಗಳು ಸಾಲಾಗಿ ಅಂಟಿದ್ದವು, ಸಣ್ಣದರಿಂದ ದೊಡ್ಡದರವರೆಗೆ. ಅವನ್ನು ಒಂದೊಂದಾಗಿ ಕೆರೆದು ತೆಗೆದಳು. ಪಾಕೀಟನ್ನು ಒಲೆಗೆ ಹಾಕಿದಳು. ಅದು ಧೈರ್ಯವಲ್ಲ. ಮುಚ್ಚಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ.

ಸಭೆಗೆ ಅವಳು ಬರಿ ಹಣೆಯಲ್ಲಿ ಹೋದಳು. ಡಾಕ್ಟರ್ ಸೀಮಾ ಬರೆದುಕೊಟ್ಟಿದ್ದ ಸರ್ಟಿಫಿಕೇಟನ್ನು ಸಿದ್ದಲಿಂಗ ಮಾಸ್ತರು ಗಟ್ಟಿಯಾಗಿ ಓದಿದರು: ಇದು ತೊನ್ನಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಟಿಕಳಿಯ ಗೋಂದಿನಿಂದ ಆದದ್ದು. ಸಭೆಯಲ್ಲಿದ್ದ ನಾಲ್ಕು ಹೆಂಗಸರ ಕೈ ತಾವಾಗಿಯೇ ಹಣೆಗೆ ಹೋದವು. ಕಸ್ತೂರೆವ್ವನ ಕೈ ಮಾತ್ರ ಅಲುಗಲಿಲ್ಲ.

“ಕಾಗದ ಏನರೆ ಹೇಳ್ಲಿ,” ಎಂದಳು ಆಕೆ, “ಹುಡುಗ್ರು ಉಣ್ಣಬೇಕಲ್ಲ?”

ಮುರಗೆಪ್ಪ ತಾಯಿಯನ್ನೂ ಕಾಗದವನ್ನೂ ನೋಡಿ ನಡುವಿನ ದಾರಿ ಹಿಡಿದ. ಜನವರಿ ಕೊನೆಯ ವಾರ ಒಂದು ದಿನ ತಾಟು ಎಣಿಸುವುದು. ಅರ್ಧ ಮಕ್ಕಳು, ಅಂದರೆ ಐವತ್ತಾರು, ಉಂಡರೆ ಅಕ್ಕುತಾಯಿ ಇರಲಿ. ಕಡಿಮೆಯಾದರೆ ತಾನೇ ಬಿಡಲಿ.

ಆ ಎರಡು ತಿಂಗಳು ಅವಳು ಹೇಗೆ ಕಳೆದಳೆಂಬುದಕ್ಕೆ ವಹಿಯಲ್ಲಿ ಸಾಕ್ಷಿಯಿದೆ. ಡಿಸೆಂಬರ್ ಮೊದಲ ವಾರ ಮೂವತ್ತಮೂರು. ಎರಡನೆಯ ವಾರ ಮೂವತ್ತೊಂದು. ಮೂರನೆಯ ವಾರ ಮೂವತ್ತೆಂಟು. ಮಿಕ್ಕ ಅನ್ನವನ್ನು ಕಸಕ್ಕೆ ಸುರಿಯುವಾಗ ಅವಳು ಆ ಕಡೆ ನೋಡುತ್ತಿರಲಿಲ್ಲ. ದಾರಿಯಲ್ಲಿ ಹೊಸಬರು ಬರಿ ಹಣೆ ನೋಡಿ, “ಯಾವಾಗ ಹೋದ್ರ?” ಎಂದು ಮರುಗಿ ಕೇಳುತ್ತಿದ್ದರು. ಜ್ಞಾನದೇವ ಮಾತಿಗೆ ತಪ್ಪಲಿಲ್ಲ. ಪಾಳಿ ಮುಗಿಸಿ ಸೈಕಲ್ ಹಿಡಿದು ಗೇಟಿಗೆ ಬಂದು, ಗಂಟೆ ಬಾರಿಸಿ, ಮಸಿ ಮೆತ್ತಿದ ಕೈ ಎತ್ತಿ ತೋರಿಸಿ ಹೋಗುತ್ತಿದ್ದ. ಹುಡುಗರು ಅವನಿಗೆ ‘ಅದೀನ್ರೆಪಾ ಕಾಕಾ’ ಎಂದು ಹೆಸರಿಟ್ಟರು. ಸಿದ್ದಲಿಂಗ ಮಾಸ್ತರು ಒಂದು ದಿನ ತಮ್ಮ ಡಬ್ಬಿ ಮನೆಯಲ್ಲೇ ಬಿಟ್ಟು ಬಂದು, ಮಕ್ಕಳ ಸಾಲಿನಲ್ಲಿ ಕುಳಿತು ತಾಟು ಹಿಡಿದರು. ಮರುದಿನವೂ ಬಿಟ್ಟು ಬಂದರು. ಜನವರಿ ಮಧ್ಯದಲ್ಲಿ ಲೆಕ್ಕ ನಲವತ್ತಾರಕ್ಕೆ ಮುಟ್ಟಿ ಅಲ್ಲೇ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಇಪ್ಪತ್ತೆರಡನೆಯ ತಾರೀಖು ಮಾಸ್ತರು ಅಡುಗೆ ಕೋಣೆಗೆ ಬಂದು ದನಿ ತಗ್ಗಿಸಿದರು. “ಯಾವ ದಿನಾ ಎಣಸೂದಂತ ಠರಾವಿನ್ಯಾಗ ಬರದಿಲ್ಲ. ಇಪ್ಪತ್ತಾರಕ್ಕ ಶಿರಾ ಮಾಡ್ತೀವಲ್ಲ? ಶಿರಾ ಅಂದ್ರ ಒಂದ ಹುಡುಗ ಮನಿಗೆ ಹೋಗೂದಿಲ್ಲ. ಆ ದಿನಾನ ಎಣಿಸಿ ಸಹಿ ಮಾಡಿಬಿಡೂಣು.”

ಎರಡು ತಿಂಗಳ ಭಾರ ಒಂದು ಬಟ್ಟಲು ರವೆಯಲ್ಲಿ ಇಳಿದುಹೋಗುತ್ತಿತ್ತು. ಅವಳು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು.

“ಬ್ಯಾಡ್ರಿ ಸರ್.”

“ಹುಚ್ಚಿ ಅದಿಯೇನ?”

“ಶಿರಾ ತಿನ್ನಾಕ ಬಂದವರು ಶಿರಾದವ್ರು. ಅನ್ನ ಸಾರಿನ ದಿನಾ ಇಡ್ರಿ. ಮುಚ್ಚಿಕೊಂಡದ್ದ ಸಾಕಾಗೇತಿ ನನಗ.”

ಜನವರಿ ಇಪ್ಪತ್ತೊಂಬತ್ತು, ಗುರುವಾರ. ಅನ್ನ, ತೊಗರಿಬೇಳೆ ಸಾರು. ರುಚಿ ನೋಡಲು ಪಾಳಿ ಇಲ್ಲದಿದ್ದರೂ ಕಸ್ತೂರೆವ್ವ ಬಂದು ಕಟ್ಟೆಯ ಮೇಲೆ ಕುಳಿತಳು. ಅಕ್ಕುತಾಯಿ ಅಂದು ಅಕ್ಕಿಯನ್ನು ಮೂರು ಸಲವೇ ತೊಳೆದಿದ್ದಳು, ನಾಲ್ಕು ಸಲ ಅಲ್ಲ. ಬೆಳ್ಳುಳ್ಳಿಯನ್ನೂ ದಿನದಷ್ಟೇ ಹಾಕಿದ್ದಳು. ಬಡಿಸುವಾಗ ತಲೆ ಎತ್ತಿ ಎಣಿಸಲು ಅವಳಿಗೆ ಆಗಲಿಲ್ಲ. ತಾಟುಗಳನ್ನಷ್ಟೇ ನೋಡಿದಳು. ಊಟ ಮುಗಿದ ಮೇಲೆ ಲಕ್ಕವ್ವ ತೊಳೆದು ಕೊಟ್ಟ ತಾಟುಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದಳು. ನಲವತ್ತೇಳಕ್ಕೆ ಕೈ ಒದ್ದೆಯಾಗಿ ತಾಟು ಜಾರಿತು. ಅದನ್ನು ಎತ್ತಿಟ್ಟು ಮುಂದುವರಿಸಿದಳು.

“ಎಷ್ಟ ಅಕ್ಕುತಾಯಿ?”

“ಐವತ್ತೊಂಬತ್ರಿ ಸರ್.”

ಮಾಸ್ತರು ತಾವೇ ಇನ್ನೊಮ್ಮೆ ಎಣಿಸಿದರು. ಅವರದೊಂದು ತಾಟು ಬಿಟ್ಟು ಐವತ್ತೊಂಬತ್ತೇ. ಸಭೆಯಲ್ಲಿ ಹಣೆ ಮುಟ್ಟಿಕೊಂಡ ಹೆಂಗಸರ ಮನೆಯ, ನೆರೆಮನೆಯ ಡಬ್ಬಿಗಳು ಅಂದು ಬಂದಿರಲಿಲ್ಲ. ಕಸ್ತೂರೆವ್ವನ ಮೊಮ್ಮಗಳು ಕೋಮಲ ಅದರಲ್ಲಿ ಇರಲಿಲ್ಲ. ಅವಳು ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿದ್ದಳು. ಕಸ್ತೂರೆವ್ವ ವಹಿ ಎಳೆದುಕೊಂಡು ಸಹಿಗೆ ಪೆನ್ನು ಹಿಡಿದಳು. ಮತ್ತೆ ಪೆನ್ನು ಕೆಳಗಿಟ್ಟು, ಅಂಗೈ ಚಾಚಿದಳು. ಅಕ್ಕುತಾಯಿ ಅದರ ಮೇಲೆ ಅರ್ಧ ಸೌಟು ಸಾರು ಹಾಕಿದಳು.

“ಉಪ್ಪ ಸರಿ ಐತಿ,” ಎಂದು ಹೇಳಿ ಕಸ್ತೂರೆವ್ವ ಸಹಿ ಮಾಡಿದಳು.

ಫೆಬ್ರವರಿ ಎಂಟರ ಭಾನುವಾರ ನಿಪ್ಪಾಣಿಯ ಅದೇ ಸ್ಟೂಲಿನ ಎದುರು ಅಕ್ಕುತಾಯಿ ಕುಳಿತಿದ್ದಳು. ಹನ್ನೆರಡು ವಾರ ಕಳೆದಿತ್ತು. ಬೆಂಕಿಯ ಮುಂದೆ ಕುಳಿತದ್ದನ್ನು ಈ ಸಲ ಮುಚ್ಚದೆ ಹೇಳಿದಳು. ದವಡೆಯ ಕಪ್ಪು ಅರ್ಧ ತಿಳಿಯಾಗಿದೆ, ಪೂರ್ತಿ ಹೋಗುವವರೆಗೆ ಲೇಸರ್ ಮಾತೇ ಬೇಡ ಎಂದರು ಡಾಕ್ಟರ್ ಸೀಮಾ. ವಾಂಗಕ್ಕೆ ಸದ್ಯ ಮುಲಾಮು, ಸೆರಗು, ಒಲೆಯಿಂದ ಎರಡು ಹೆಜ್ಜೆ. ಆಮೇಲೆ ದೊಡ್ಡ ಗಾಜು ಹಿಡಿದು ಹಣೆ ನೋಡಿದರು, ತುಂಬ ಹೊತ್ತು. ಬಿಳಿಯ ನಡುವೆ, ಕೂದಲ ಬುಡ ಇರುವಲ್ಲಿ, ಸಾಸಿವೆಯ ಅರ್ಧದಷ್ಟು ಕಂದು ಚುಕ್ಕೆಗಳು ಮೂಡಿದ್ದವು.

“ಒಂದು, ಎರಡು, ಮೂರು. ಬಣ್ಣ ಬರಾಕತ್ತದ, ಮಾವಶಿ. ಪೂರ್ತಿ ಬರ್ತದಂತ ನಾ ಮಾತ ಕೊಡೂದಿಲ್ಲ.”

“ಮೂರ ಬಂದಾವಲ್ರಿ.”

ಡಾಕ್ಟರು ಹಳೆಯ ಕಾರ್ಡು ಮಗುಚಿ ನೋಡಿದರು. ತಮ್ಮದೇ ಅಕ್ಷರದ ಮೇಲೆ ಅವರ ಬೆರಳು ನಿಂತಿತು. “ಅವತ್ತ ಇಲ್ಲೊಂದು ಲೆಕ್ಕ ಹೇಳಿದ್ರಿ. ನೂರಕ್ಕಿಂತ ಜಾಸ್ತಿ. ತಪ್ಪಿ ಹೇಳಿದ್ರೇನೋ, ಈಗ ತಿದ್ದಲೇನು?”

ಶನಿವಾರದ ತಾಟು ಅರವತ್ತೊಂದು. ಅಕ್ಕುತಾಯಿ ಬರಿ ಹಣೆಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿಕೊಂಡಳು.

“ತಪ್ಪಿಲ್ರಿ ಬಾಯಿ, ಹಾಂಗ ಇರ್ಲಿ,” ಎಂದಳು. ಕಾರ್ಡಿನ ಆ ಗೆರೆಯ ಮುಂದೆ ಅವಳು ಅಂದು ಹೇಳಿದ್ದು ನೀಲಿ ಶಾಯಿಯಲ್ಲಿ ಹಾಗೆಯೇ ಉಳಿಯಿತು: ನೂರಾ ಹನ್ನೆರಡು.